ಕೂತವರ ಮಡಿಲಲ್ಲಿ ಒಂದು ಪಿಟೀಲು

ಪಾಣೆಮಂಗಳೂರು

ಮೂವತ್ತೊಂದು ವರ್ಷ ಬೇರೆಯವರಿಗೆ ಟಿಕೆಟ್ ಹರಿದುಕೊಟ್ಟವನು ನಾನು. ನನ್ನದೇ ಹೆಸರು ಅಚ್ಚಾದ ಒಂದು ಟಿಕೆಟ್ಟು ನನ್ನ ಕೈಗೆ ಬಂದದ್ದು ಎಪ್ಪತ್ತಾರನೆಯ ವಯಸ್ಸಿನಲ್ಲಿ. ತಂದು ಕೊಟ್ಟವಳು ತಂಗಿಯ ಮಗಳು ಸುಜಾತ. ಬಿ.ಸಿ.ರೋಡಿನಿಂದ ಸಿದ್ದಕಟ್ಟೆಯ ಮೇಲೆ ಮೂಡುಬಿದಿರೆಗೆ ಓಡುವ ಬಸ್ಸಿನಲ್ಲಿ ನನ್ನನ್ನು ಕಂಡವರಿಗೆ ನಾನು ಕಂಡಕ್ಟರ್ ಶೀನಣ್ಣ. ಆ ರಸ್ತೆಯ ಒಂದೊಂದು ತಿರುವಿನಲ್ಲಿಯೂ ಕಂಬಿ ಹಿಡಿಯದೆ ನಿಲ್ಲಬಲ್ಲವನಾಗಿದ್ದೆ. ಅದರಿಂದಾಚೆಯ ಲೋಕ ನನಗೆ ಗೊತ್ತಿರಲಿಲ್ಲ.

ಸುಜಾತ ಇಪ್ಪತ್ತು ವರ್ಷಗಳಿಂದ ಜರ್ಮನಿಯ ಫ್ರೈಬುರ್ಗ್ ಎಂಬ ಊರಿನಲ್ಲಿ ನರ್ಸ್. ಅವಳ ಗಂಡ ಹಡಗಿನಲ್ಲಿ ಇಂಜಿನಿಯರ್, ವರ್ಷದಲ್ಲಿ ಅರ್ಧ ನೀರಿನ ಮೇಲೆ. ಒಬ್ಬಳೇ ಮಗಳು ಮೈತ್ರಿ, ಹದಿನೈದು ವರ್ಷ, ಪಿಟೀಲು ಬಾರಿಸುತ್ತಾಳೆ. ಆ ಊರಿನವರೇ ಸೇರಿ ನಡೆಸುವ ಅರುವತ್ತು ಜನರ ವಾದ್ಯವೃಂದ ಒಂದುಂಟಂತೆ. ಅಕ್ಟೋಬರಿನಲ್ಲಿ ಅವರ ಕಛೇರಿ. ಅರುವತ್ತು ಜನರ ಮುಂದೆ ಒಬ್ಬಳೇ ನಿಂತು ಬಾರಿಸಲು ಈ ಸಲ ಮೈತ್ರಿಯನ್ನು ಆರಿಸಿದ್ದರು.

ತಂಗಿಯ ಎರಡನೆಯ ವರ್ಷದ ತಿಥಿಗೆ ಬಂದಿದ್ದ ಸುಜಾತ ಊಟದ ಎಲೆ ತೆಗೆಯುವಾಗ ವಿಷಯ ಎತ್ತಿದಳು. ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ಮಾವ, ಅಮ್ಮ ಇರ್ತಿದ್ರೆ ಅಮ್ಮನನ್ನೇ ಕರ್ಕೊಂಡು ಹೋಗ್ತಿದ್ದೆ. ಈಗ ಮನೆಯ ಕಡೆಯಿಂದ ಕೂತ್ಕೊಳ್ಳಲಿಕ್ಕೆ ನೀವೇ ಇರುವುದು."

"ನನಗೆ ಗಂಟುನೋವು ಮಾರಾಯ್ತಿ."

"ಅಲ್ಲಿ ನಡೀಲಿಕ್ಕಿಲ್ಲ, ಕೂರ್ಲಿಕ್ಕೆ ಉಂಟು ಅಷ್ಟೆ. ವೀಸಾ ಎಲ್ಲ ನಾನು ಮಾಡಿಸ್ತೇನೆ. ಒಟ್ಟಿಗೇ ಹೋಗುವ."

ನಮ್ಮಲ್ಲಿ ಮಕ್ಕಳ ಮದುವೆಗೆ, ಮುಂಜಿಗೆ, ಯಾವುದೇ ಒಳ್ಳೆಯ ಕಾರ್ಯಕ್ಕೆ ಮುಂದಿನ ಸಾಲಿನಲ್ಲಿ ಕೂರುವುದು ತಾಯಿಯ ಅಣ್ಣ ಅಥವಾ ತಮ್ಮ. ಆ ಜಾಗ ಬಿಟ್ಟುಕೊಟ್ಟರೆ ಮನೆಯನ್ನೇ ಬಿಟ್ಟುಕೊಟ್ಟ ಹಾಗೆ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನು ವಿಮಾನಕ್ಕೆ ಹೆದರಿದೆನೆಂದು ಅವಳು ತಿಳಿದಳು. ನನಗೆ ಹೆದರಿಕೆ ಇದ್ದದ್ದು ಪಿಟೀಲಿಗೆ.

ವಿಮಾನದಲ್ಲಿ

ಬೆಂಗಳೂರಿನಿಂದ ಹೊರಟ ವಿಮಾನದಲ್ಲಿ ಒಂಬತ್ತು ಗಂಟೆಗೂ ಹೆಚ್ಚು ಹೊತ್ತು ಸುಜಾತಳ ಪಕ್ಕದಲ್ಲಿ ಬೆಲ್ಟು ಬಿಗಿದು ಕೂತೆ. ನನ್ನ ಬಸ್ಸಿನಲ್ಲಾದರೆ ಮುಖ ತಪ್ಪಿಸಲು ಹಿಂದಿನ ಬಾಗಿಲು ಉಂಟು. ಇಲ್ಲಿ ತಿರುಗಿದರೆ ಅವಳ ಭುಜ, ತಿರುಗದಿದ್ದರೆ ಮೋಡ. ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ನೀರು ಬೇಕೆಂದೆ.

ಹೇಳಬೇಕಾಗಿದ್ದದ್ದು ಇದು.

ಸುಜಾತಳಿಗೆ ಹನ್ನೆರಡು ವರ್ಷ ಆಗಿದ್ದಾಗ ಅವಳು ಸಿದ್ದಕಟ್ಟೆಯ ಲಾರೆನ್ಸ್ ಮಾಸ್ಟ್ರಲ್ಲಿ ಪಿಟೀಲು ಕಲಿಯುತ್ತಿದ್ದಳು. ಮಾಸ್ಟ್ರು ಇಗರ್ಜಿಯ ಹಾಡಿನವರ ಜೊತೆ ಬಾರಿಸುತ್ತಿದ್ದ ಮುದುಕರು. ಮಕ್ಕಳಿಲ್ಲ. ಹುಡುಗಿಯ ಕೈ ಒಳ್ಳೆಯದು ಎಂದು ತಮ್ಮದೇ ಪಿಟೀಲನ್ನು ಪೆಟ್ಟಿಗೆ ಸಮೇತ ಕೊಟ್ಟಿದ್ದರು. ಪ್ರತಿ ಆದಿತ್ಯವಾರ ಅವಳು ಹೋಗಿಬರುತ್ತಿದ್ದದ್ದು ನನ್ನ ಬಸ್ಸಿನಲ್ಲೇ. ಡ್ರೈವರ್ ಕನ್ನಡಿಯಲ್ಲಿ ಅವಳನ್ನು ನೋಡಿ ಕೇಳುತ್ತಿದ್ದ, "ಏನು ಶೀನಣ್ಣ, ತಂಗಿಯ ಮಗಳನ್ನು ಬ್ಯಾಂಡಿಗೆ ಸೇರಿಸುವ ಅಂದಾಜಾ? ಮದುವೆ ದಿಬ್ಬಣಕ್ಕೆ ಮನೆಯದ್ದೇ ಆಯಿತಲ್ಲ." ಬಸ್ಸೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ. ಮನೆಗೆ ಬಂದು ತಂಗಿಯ ಮೇಲೆ ರೇಗುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಉಳಿದವಳು ಅವಳು. ಎದುರು ಮಾತಾಡುತ್ತಿರಲಿಲ್ಲ. ಆದರೆ ಆದಿತ್ಯವಾರ ಬಂದರೆ ಮಗಳ ಜಡೆ ಹೆಣೆದು ಕಳಿಸುತ್ತಿದ್ದಳು.

ಒಂದು ಮಳೆಗಾಲದ ಆದಿತ್ಯವಾರ ಬಸ್ಸು ತುಂಬಿತ್ತು. ನಿಂತ ಸುಜಾತ ಪಿಟೀಲನ್ನು ಕೂತವರ ಕೈಗೆ ಕೊಟ್ಟಿದ್ದಳು. ನಮ್ಮ ಕಡೆಯ ಬಸ್ಸಿನಲ್ಲಿ ಅದು ಕ್ರಮ. ನಿಂತವರ ಚೀಲ, ಕೊಡೆ, ಕೆಲವೊಮ್ಮೆ ಮಗು ಸಹ ಕೂತವರ ಮಡಿಲಿಗೆ ಹೋಗುತ್ತದೆ. ಯಾರು ಎಂದು ಕೇಳಬೇಕಾಗಿಲ್ಲ. "ಬ್ಯಾಗ್ ಕೊಡಿ, ಕೂತವರು ಹಿಡ್ಕೊಳ್ತಾರೆ" ಎಂದು ದಿನಕ್ಕೆ ನೂರು ಸಲ ಹೇಳಿದ ಬಾಯಿ ನನ್ನದು. ಬಿ.ಸಿ.ರೋಡಿನಲ್ಲಿ ನೂಕುನುಗ್ಗಲಿಗೆ ಹುಡುಗಿ ಪಿಟೀಲು ಮರೆತು ಇಳಿದಳು. ಬಸ್ಸು ತಿರುಗಿ ಮೂಡುಬಿದಿರೆಗೆ ತಲುಪಿದ ಮೇಲೆ ಹಿಂದಿನ ಸೀಟಿನ ಕೆಳಗೆ ಅದು ನನಗೆ ಸಿಕ್ಕಿತು.

ನಾನು ಅದನ್ನು ಮನೆಗೆ ತರಲಿಲ್ಲ. ಸ್ಟೆಪ್ನಿ ಟಯರು ಇಡುವಲ್ಲಿ ಗೋಣಿ ಮುಚ್ಚಿ ಇಟ್ಟೆ. ಹುಡುಗಿ ಎರಡು ದಿನ ಅತ್ತಳು. ಮೂರನೆಯ ದಿನ ಅಂಗಳದಲ್ಲಿ ನಿಂತು ಕಣ್ಣು ಮುಚ್ಚಿ, "ಸ್ವಾಮಿ ಕೊರಗಜ್ಜ, ಪಿಟೀಲು ಸಿಕ್ಕಿದರೆ ಚಕ್ಕುಲಿ, ವೀಳ್ಯ ಇಡ್ತೇನೆ" ಎಂದು ಹೇಳಿಕೊಂಡಳು. ಕಳೆದದ್ದನ್ನು ಹುಡುಕಿಕೊಡುವ ದೈವ ಅದು. ನಮ್ಮಲ್ಲಿ ಚಿನ್ನದ ಸರ ಹೋದರೂ, ದನ ಹೋದರೂ ಮೊದಲು ಅಜ್ಜನಿಗೆ ಹೇಳುವುದು. ನಾನು ಜಗಲಿಯಲ್ಲಿ ಕೂತು ಅವಳ ಹರಕೆ ಕೇಳಿದೆ. ಕೊಟ್ಟುಬಿಡುವ ಎಂದು ಆಗ ನಿಜವಾಗಿಯೂ ಅನ್ನಿಸಿತ್ತು. ಕೊಟ್ಟರೆ ಮುಂದಿನ ಆದಿತ್ಯವಾರ ಮತ್ತೆ ಬಸ್ಸಿನ ಆ ನಗು. ಐದನೆಯ ದಿನ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಪಾಣೆಮಂಗಳೂರಿನ ಸೇತುವೆಯಿಂದ ಅದನ್ನು ನೇತ್ರಾವತಿಗೆ ಹಾಕಿದೆ.

ಅದು ಮುಳುಗಲಿಲ್ಲ. ಕೆಂಪು ನೀರಿನ ಮೇಲೆ ಕಪ್ಪು ಪೆಟ್ಟಿಗೆ ತೇಲುತ್ತಾ, ತಿರುಗುತ್ತಾ ಹೋಯಿತು. ಕಣ್ಣಿಗೆ ಕಾಣುವವರೆಗೂ ಹೋಯಿತು. ಅಲ್ಲಿಂದ ಶುರುವಾದ ಹೆದರಿಕೆ ನನ್ನದು. ಪ್ರತಿ ಮಳೆಗಾಲದಲ್ಲಿ ನದಿ ತುಂಬಿದಾಗ ಅದು ವಾಪಸು ಬರುತ್ತದೆ ಎಂದು ಅನ್ನಿಸುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಒಬ್ಬ ಕೆಟ್ಟ ಮಾವ, ಅಷ್ಟೆ. ಆದರೆ ಊರು ಮಾತಾಡಿತು. "ಅಜ್ಜನಿಗೆ ಹೇಳಿಯೂ ಸಿಗಲಿಲ್ಲ ಅಂದರೆ ಕಳೆದದ್ದೇ ಸುಳ್ಳು. ಹುಡುಗಿಯೇ ಎಲ್ಲಿಯೋ ಮಾರಿರಬೇಕು." ಆ ಮಾತು ಸಿದ್ದಕಟ್ಟೆಗೂ ಮುಟ್ಟಿತು. ಲಾರೆನ್ಸ್ ಮಾಸ್ಟ್ರು ಏನೂ ಅನ್ನಲಿಲ್ಲ, ಇನ್ನು ಬರಬೇಡ ಎಂದರು. ಹನ್ನೆರಡು ವರ್ಷದ ಮಗುವನ್ನು ಕಳ್ಳಿ ಎಂದಾಗ ನಾನು ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ.

ಫ್ರಾಂಕ್‌ಫರ್ಟಿನಲ್ಲಿ ಗಾಜಿನ ಹಿಂದೆ ಕೂತ ಅಧಿಕಾರಿ ಪಾಸ್‌ಪೋರ್ಟ್ ನೋಡಿ ಯಾಕೆ ಬಂದದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೈಸ್ಕೂಲಿನ ಇಂಗ್ಲಿಷು ಎಲ್ಲ ಮರೆತುಹೋಗಿ "ವಯಲಿನ್" ಎಂದೆ. ನೀವು ಬಾರಿಸುತ್ತೀರಾ ಎಂದು ಕೇಳಿದ. ನಾನು ನಮ್ಮ ಕ್ರಮದಲ್ಲಿ ತಲೆ ಆಡಿಸಿದೆ. ಅದು ಹೌದೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಪೊಲೀಸ್ ಠಾಣೆಯಲ್ಲಿ ನಿಂತ ಹಾಗೆ ಬೆವರಿದೆ. ಸುಜಾತ ಬಂದು ಅವರ ಭಾಷೆಯಲ್ಲಿ ಏನೋ ಹೇಳಿದಳು. ಅವನು ನಕ್ಕು ಸೀಲು ಹೊಡೆದ.

ಫ್ರೈಬುರ್ಗ್

ಫ್ರೈಬುರ್ಗಿನ ಬೆನ್ನಿಗೆ ಕಪ್ಪು ಕಾಡಿನ ಗುಡ್ಡ ಉಂಟು. ಚಾರ್ಮಾಡಿಯ ಕೆಳಗೆ ನಿಂತು ಘಟ್ಟ ನೋಡಿದ ಹಾಗೆ ಕಾಣುತ್ತದೆ. ಪೇಟೆಯ ಬೀದಿಗಳ ಬದಿಯಲ್ಲಿ ನಮ್ಮ ಗದ್ದೆಯ ತೋಡಿನ ಹಾಗೆ ಸಣ್ಣ ಸಣ್ಣ ಕಾಲುವೆ, ಒಂದು ಗೇಣು ಆಳ, ತಿಳಿನೀರು ಓಡುತ್ತಾ ಇರುತ್ತದೆ. ಮೊದಲ ದಿನವೇ ಅಂಗಡಿಯ ಗಾಜು ನೋಡುತ್ತಾ ನಡೆದು ಎಡಗಾಲು ಕಾಲುವೆಗೆ ಹಾಕಿದೆ. ಷೂ ಒಳಗೆ ಮಂಜುಗಡ್ಡೆಯಂಥ ನೀರು.

"ಎಂಥ ಅಜ್ಜ ಇದು, ಕಣ್ಣು ಕಿಸೆಯಲ್ಲಿ ಇಟ್ಟಿದ್ದೀರಾ?" ಎಂದಳು ಮೈತ್ರಿ.

ನಾನು ಬೆಚ್ಚಿಬಿದ್ದೆ. ಅದು ನನ್ನ ತಂಗಿಯ ಮಾತು. ಮೈತ್ರಿ ತುಳು ಕಲಿತದ್ದು ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಿ. ಹಾಗಾಗಿ ಹದಿನೈದರ ಹುಡುಗಿ ಎಪ್ಪತ್ತರ ಹೆಂಗಸಿನ ಹಾಗೆ ಮಾತಾಡುತ್ತಾಳೆ, ಅದೇ ಎಳೆತ, ಅದೇ ಕೊಂಕು. ಹಿಂದಿನಿಂದ ಅವಳು ಕರೆದಾಗಲೆಲ್ಲ ಸತ್ತ ತಂಗಿ ಕರೆದ ಹಾಗಾಗಿ ನನ್ನ ಕುತ್ತಿಗೆ ತಣ್ಣಗಾಗುತ್ತಿತ್ತು.

ಅಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಗದ್ದಲ ಮಾಡಬಾರದು, ಆದಿತ್ಯವಾರ ಗೋಡೆಗೆ ಮೊಳೆ ಹೊಡೆಯಬಾರದು. ಆ ಹೊತ್ತು ಬಿಟ್ಟು ಮೈತ್ರಿ ದಿನಕ್ಕೆ ನಾಲ್ಕು ತಾಸು ಬಾರಿಸುತ್ತಾಳೆ. ಮೇಲಿನ ಮನೆಯ ಮುದುಕ ಒಮ್ಮೆ ಬಾಗಿಲು ತಟ್ಟಿದ. ಜಗಳಕ್ಕೆ ಬಂದ ಎಂದು ನಾನು ಎದ್ದು ನಿಂತೆ. ನಿನ್ನೆ ಅರ್ಧಕ್ಕೆ ನಿಲ್ಲಿಸಿದ್ದನ್ನು ಇವತ್ತು ಪೂರ್ತಿ ಬಾರಿಸುತ್ತೀಯಾ ಎಂದು ಕೇಳಲು ಬಂದದ್ದಂತೆ ಅವನು. ನಮ್ಮ ಬಸ್ಸಿನ ನಗು ನೆನಪಾಗಿ ನಾನು ಅಡುಗೆಮನೆಗೆ ಹೋಗಿ ಕೂತೆ.

ಅಲ್ಲಿ ಸುಜಾತ ಗಂಜಿಗೆ ಅಕ್ಕಿ ತೊಳೆಯುತ್ತಿದ್ದಳು. ಕೋಣೆಯ ಕಡೆ ಕೈ ತೋರಿಸಿ ಹೇಳಿದಳು, "ಆ ವಯೊಲಿನ್ ಇವಳದ್ದಲ್ಲ ಮಾವ. ಟೀಚರ್ ಈ ಕಛೇರಿಗೆ ಅಂತ ತಮ್ಮದೇ ಕೊಟ್ಟಿದ್ದಾರೆ. ಹಳೇದು. ನನ್ನ ಹಾಗೆ ಬಸ್ಸಲ್ಲಿ ಬಿಟ್ಟು ಬರಬೇಡ ಅಂತ ದಿನಾ ಹೇಳ್ತೇನೆ." ಹೇಳಿ ನಕ್ಕಳು. "ನೆನಪುಂಟಲ್ಲ ನಿಮಗೆ?"

"ಉಂಟು" ಎಂದೆ.

ಟ್ರಾಮು

ಕಛೇರಿ ಸಂಜೆ ಏಳಕ್ಕೆ. ನಾಲ್ಕೂವರೆಗೆ ಮೂವರೂ ಟ್ರಾಮು ಹತ್ತಿದೆವು. ರಸ್ತೆಯಲ್ಲಿ ಹಳಿ ಹಾಕಿ ಓಡಿಸುವ ಬಸ್ಸು ಎಂದು ತಿಳಿಯಿರಿ. ಅದರಲ್ಲಿ ಕಂಡಕ್ಟರ್ ಇಲ್ಲ. ಕೇಳುವವರು ಇಲ್ಲದೆಯೂ ಜನ ಟಿಕೆಟು ತೆಗೆಯುತ್ತಾರೆ. ಇದನ್ನು ಮೊದಲ ದಿನ ಕಂಡಾಗಲೇ ನನಗೆ ಒಂಥರಾ ಭಯ ಆಗಿತ್ತು. ಮೂವತ್ತಮೂರು ವರ್ಷದಿಂದ ನನ್ನನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ನಾನು ಹೇಳಿರಲಿಲ್ಲ.

ಆ ದಿನ ಊರಿನಲ್ಲಿ ಫುಟ್‌ಬಾಲ್ ಇತ್ತು. ಕುತ್ತಿಗೆಗೆ ಬಣ್ಣದ ಶಾಲು ಸುತ್ತಿದವರು ಟ್ರಾಮಿನಲ್ಲಿ ತುಂಬಿದ್ದರು. ಮೈತ್ರಿಯ ಬೆರಳು ಚಳಿಗೆ ಸೆಟೆದಿತ್ತು. ಸುಜಾತ ಅವಳ ಎರಡೂ ಕೈಗಳನ್ನು ತನ್ನ ಕೋಟಿನೊಳಗೆ ಎಳೆದುಕೊಂಡು ಉಜ್ಜುತ್ತಿದ್ದಳು.

"ಅಜ್ಜ, ಇದನ್ನು ಸ್ವಲ್ಪ ಹಿಡ್ಕೊಳ್ಳಿ" ಎಂದು ಮೈತ್ರಿ ಪಿಟೀಲಿನ ಪೆಟ್ಟಿಗೆಯನ್ನು ನನಗೆ ಕೊಟ್ಟಳು.

ಮೂವತ್ತಮೂರು ವರ್ಷದ ಮೇಲೆ ಅಂಥ ಒಂದು ಪೆಟ್ಟಿಗೆ ನನ್ನ ಕೈಯಲ್ಲಿ. ಅದೇ ಭಾರ. ಟ್ರಾಮು ತಿರುವಿನಲ್ಲಿ ವಾಲಿತು, ಶಾಲಿನವರು ನನ್ನ ಮೇಲೆ ಬಂದರು. ಒಂದು ಕೈಯಲ್ಲಿ ಕಂಬ, ಒಂದು ಕೈಯಲ್ಲಿ ಪೆಟ್ಟಿಗೆ. ಇನ್ನು ಬಿದ್ದರೆ ಇದು ನನ್ನ ಅಡಿಗೆ ಬಿದ್ದು ಒಡೆಯುತ್ತದೆ ಎಂದು ಹೆದರಿದೆ. ಎದುರಿನ ಸೀಟಿನಲ್ಲಿ ಒಬ್ಬಳು ಮುದುಕಿ ಕೂತಿದ್ದಳು, ಪಕ್ಕದಲ್ಲಿ ತರಕಾರಿ ಚೀಲ. ನಾನು ಯೋಚಿಸಲಿಲ್ಲ. ಕೈ ತಾನಾಗಿ ಮುಂದೆ ಹೋಗಿ ಪೆಟ್ಟಿಗೆಯನ್ನು ಅವಳ ಮಡಿಲಲ್ಲಿ ಇಟ್ಟಿತು.

ಅವಳು ಮುಖ ಎತ್ತಿ ನೋಡಿದಳು. ಪೆಟ್ಟಿಗೆ ನೋಡಿದಳು. ಮತ್ತೆ ಎರಡೂ ಕೈಯಲ್ಲಿ ಅದನ್ನು ತಬ್ಬಿ ಹಿಡಿದಳು. ನನಗೆ ಆ ದೇಶಕ್ಕೆ ಬಂದ ಮೇಲೆ ಮೊದಲ ಬಾರಿಗೆ ಸಮಾಧಾನ ಆಯಿತು. ಎಲ್ಲಿ ಹೋದರೂ ಮನುಷ್ಯರು ಒಂದೇ ಎಂದುಕೊಂಡೆ.

ಮುಂದಿನದ್ದು ಬೇಗ ಆಯಿತು. ಟ್ರಾಮು ನಿಂತಿತು, "ಇಳಿಯಿರಿ ಮಾವ, ಇಳಿಯಿರಿ" ಎಂದು ಸುಜಾತ ನನ್ನ ರಟ್ಟೆ ಹಿಡಿದು ಎಳೆದಳು, ಶಾಲಿನವರು ಹಿಂದಿನಿಂದ ತಳ್ಳಿದರು. ನೆಲಕ್ಕೆ ಕಾಲಿಟ್ಟು ಬೀಳದೆ ಉಳಿದೆನಲ್ಲ ಎಂದು ಉಸಿರು ಬಿಡುವಾಗ ಬಾಗಿಲು ಮುಚ್ಚಿತು. ಅಲ್ಲಿ ರೈಟ್ ಹೇಳುವವರಿಲ್ಲ, ಸೀಟಿ ಇಲ್ಲ. ಟ್ರಾಮು ಸದ್ದಿಲ್ಲದೆ ಜಾರಿಹೋಯಿತು.

ಮೈತ್ರಿ ಕೈ ಚಾಚಿದಳು. "ಅಜ್ಜ, ವಯೊಲಿನ್?"

ಸ್ಟಾಪಿನಲ್ಲಿ

ಅವರ ಮುಖ ನೋಡಲು ನನಗೆ ಆಗಲಿಲ್ಲ. "ಕೂತವರಿಗೆ ಕೊಟ್ಟೆ" ಎಂದೆ. ಸುಜಾತಳಿಗೆ ತಕ್ಷಣ ಅರ್ಥವಾಯಿತು, ಅವಳು ಆ ಬಸ್ಸಿನಲ್ಲಿ ಬೆಳೆದವಳು. ಮೈತ್ರಿಗೆ ಆಗಲಿಲ್ಲ. "ಯಾರಿಗೆ? ನಿಮ್ಮ ಗುರ್ತದವರಾ?" ಎಂದು ಕೇಳಿದಳು.

ಸುಜಾತ ಫೋನು ಹಚ್ಚಿದಳು. ಟ್ರಾಮಿನ ಆಫೀಸಿನವರು ಬರೆದುಕೊಂಡರು, ನಾಳೆ ವಿಚಾರಿಸಿ ಎಂದರು. ಸಭಾಂಗಣ ಅಲ್ಲಿಂದಲೇ ಕಾಣುತ್ತಿತ್ತು. ಮೈತ್ರಿ ಅತ್ತ ಓಡಿದಳು, ಬೇರೆ ಯಾರದ್ದಾದರೂ ಪಿಟೀಲು ಕೇಳಲು. ಓಡುತ್ತಾ ತಿರುಗಿ ಹೇಳಿದಳು, "ಬೇರೆಯದ್ದರಲ್ಲಿ ನನ್ನ ಬೆರಳಿಗೆ ಜಾಗ ಗೊತ್ತಾಗುವುದಿಲ್ಲ ಅಮ್ಮ. ಟೀಚರಿಗೆ ಎಂಥ ಹೇಳುವುದು?"

ಸ್ಟಾಪಿನಲ್ಲಿ ನಾವಿಬ್ಬರೇ ಉಳಿದೆವು. ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. ಹಳಿಯ ಕಡೆ ತಿರುಗಿ ಕೈ ಮುಗಿದು ಕಣ್ಣು ಮುಚ್ಚಿದಳು.

"ಸ್ವಾಮಿ ಕೊರಗಜ್ಜ, ಪಿಟೀಲು ಸಿಕ್ಕಿದರೆ ಚಕ್ಕುಲಿ, ವೀಳ್ಯ ಇಡ್ತೇನೆ."

ಶಬ್ದ ಶಬ್ದವೂ ಅದೇ. ಅಂಗಳದಲ್ಲಿ ನಿಂತು ಹೇಳಿದ ಧ್ವನಿಯೂ ಅದೇ. ಆ ಸಲ ದೈವ ಮಾಡಿದ್ದನ್ನು ನಾನು ಅಡ್ಡ ನಿಂತು ತಪ್ಪಿಸಿದ್ದೆ. ಈ ಸಲವೂ ನಾನು ಅಡ್ಡ ನಿಂತಿದ್ದೇನೆ, ಇವಳ ಪಕ್ಕದಲ್ಲೇ, ಬಾಯಿ ಮುಚ್ಚಿಕೊಂಡು. ನಾನು ಹೀಗೆ ನಿಂತಿರುವವರೆಗೆ ಅದು ಸಿಗಲಿಕ್ಕಿಲ್ಲ ಎಂದು ನನಗೆ ಖಂಡಿತ ಆಯಿತು. ಹೇಳಿದರೆ? ಹೇಳಿದರೆ ಇದನ್ನೂ ಬೇಕಂತಲೇ ಕಳೆದೆ ಎಂದು ಅವಳು ತಿಳಿಯುತ್ತಾಳೆ. ಹುಡುಗಿಯ ಕಛೇರಿ ಹಾಳು ಮಾಡಲು ಏಳು ಸಮುದ್ರ ದಾಟಿ ಬಂದ ಎನ್ನುತ್ತಾಳೆ.

"ಸುಜಾತ, ನಿನ್ನ ಪಿಟೀಲು ಬಸ್ಸಿನಲ್ಲಿ ನನಗೆ ಸಿಕ್ಕಿತ್ತು" ಎಂದೆ. ಒಂದು ಸಲ ಬಾಯಿ ತೆರೆದ ಮೇಲೆ ಉಳಿದದ್ದು ನಿಲ್ಲಲಿಲ್ಲ. ಸ್ಟೆಪ್ನಿ, ಗೋಣಿ, ಅವಳ ಹರಕೆ ಕೇಳಿಸಿಕೊಂಡದ್ದು, ಸೇತುವೆ. ಎಲ್ಲ ಹೇಳಿದೆ.

ಒಂದು ಟ್ರಾಮು ಬಂತು, ಹೋಯಿತು. ಮತ್ತೆ ಅವಳು ಕೇಳಿದಳು, "ಮುಳುಗಿತಾ?"

"ಇಲ್ಲ. ತೇಲಿತು."

"ಎಷ್ಟು ದೂರ?"

"ಕಾಣುವವರೆಗೆ."

"ಮಾಸ್ಟ್ರು ತೀರಿಕೊಂಡಾಗ ನಾನು ನೋಡ್ಲಿಕ್ಕೆ ಹೋಗಲಿಲ್ಲ ಮಾವ. ಯಾವ ಮುಖ ಇಟ್ಕೊಂಡು ಹೋಗುವುದು? ಅವರು ಸಾಯುವಾಗಲೂ ನಾನು ಮಾರಿದ್ದು ಅಂತಲೇ ತಿಳ್ಕೊಂಡು ಸತ್ತರು." ಅವಳ ಧ್ವನಿ ಏರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. "ಇದನ್ನೂ ಬೇಕಂತ ಮಾಡಿದ್ದಾ?"

"ಅಲ್ಲ. ನಿನ್ನ ಅಮ್ಮನಾಣೆ ಅಲ್ಲ."

"ನಾನು ಹೇಗೆ ನಂಬುವುದು?"

ಅವಳು ಕೋಟಿನ ಗುಂಡಿ ಹಾಕಿಕೊಂಡು ಮಗಳಿದ್ದ ಕಡೆ ಹೋದಳು. ನಾನು ಹೋಗಲಿಲ್ಲ. ನನಗೆ ಬರುವ ವಿದ್ಯೆ ಒಂದೇ. ಲೈನಿನ ಗಾಡಿ ಕೊನೆಯ ಸ್ಟಾಪಿಗೆ ಹೋದರೆ ತಿರುಗಿ ಬರಲೇಬೇಕು. ರಸ್ತೆ ದಾಟಿ ಎದುರಿನ ಸ್ಟಾಪಿನಲ್ಲಿ ನಿಂತೆ. ಬಂದ ಪ್ರತಿ ಟ್ರಾಮಿನ ಪ್ರತಿ ಕಿಟಕಿಯಲ್ಲಿ ಇಣುಕಿದೆ. ಒಳಗಿದ್ದವರು ನನ್ನನ್ನು ನೋಡಿ ಮುಖ ತಿರುಗಿಸಿದರು. ಭಾಷೆ ಬಾರದ ಊರು, ಕತ್ತಲಾಗುತ್ತಾ ಬಂದಿತ್ತು, ಕಿಸೆಯಲ್ಲಿ ಸುಜಾತಳ ವಿಳಾಸ ಬರೆದ ಚೀಟಿ ಬಿಟ್ಟರೆ ಏನೂ ಇಲ್ಲ. ಅವಳು ವಾಪಸು ಬಂದು ಕರೆದುಕೊಂಡು ಹೋಗುತ್ತಾಳೆ ಎಂಬ ಧೈರ್ಯವೂ ಆಗ ಇರಲಿಲ್ಲ. ಆರು ಟ್ರಾಮು ಹೋದವು.

ಏಳನೆಯದರ ಕಿಟಕಿಯಲ್ಲಿ ಆ ಮುದುಕಿ. ಮಡಿಲಲ್ಲಿ ಪೆಟ್ಟಿಗೆ, ಎರಡೂ ಕೈಯಲ್ಲಿ ತಬ್ಬಿ, ಕೊಟ್ಟಾಗ ಹೇಗೆ ಹಿಡಿದಿದ್ದಳೋ ಹಾಗೆಯೇ.

ನಾನು ಗಾಜಿಗೆ ಬಡಿದೆ. ಅವಳು ಇಳಿದು ಬಂದು ನನ್ನನ್ನು ಬೈದಳು. ಜರ್ಮನ್ ನನಗೆ ಒಂದಕ್ಷರ ಬಾರದು, ಆದರೂ ಒಂದೂ ಬೈಗಳು ತಪ್ಪಿಹೋಗಲಿಲ್ಲ. ಪೆಟ್ಟಿಗೆಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. ತರಕಾರಿ ಚೀಲವನ್ನು ನನ್ನ ಕೈಗೆ ತುರುಕಿ, ಪಿಟೀಲನ್ನು ತಾನೇ ಹಿಡಿದು, ನಡೆ ಎಂದು ಗದ್ದ ಎತ್ತಿ ತೋರಿಸಿದಳು. ನಾನು ಮುಂದೆ, ಅವಳು ಹಿಂದೆ. ಅವಸರದಲ್ಲಿ ಕಾಲುವೆ ಕಾಣದೆ ಈ ಸಲ ಬಲಗಾಲು ಹಾಕಿದೆ.

ಸಭಾಂಗಣ

ಮುದುಕಿ ಪೆಟ್ಟಿಗೆಯನ್ನು ನೇರವಾಗಿ ಮೈತ್ರಿಯ ಕೈಗೇ ಕೊಟ್ಟಳು. ನಡೆದದ್ದನ್ನು ಮೈತ್ರಿ ನನಗೆ ತುಳುವಿನಲ್ಲಿ ಹೇಳಿದಳು. ಮುದುಕಿ ಇಳಿಯಬೇಕಾದದ್ದು ಮೂರನೆಯ ಸ್ಟಾಪಿನಲ್ಲಂತೆ. ಇಳಿಯಲಿಲ್ಲ. ಕೊಟ್ಟವನು ಕೇಳುವಾಗ ಕೊಡುವ ಎಂದು ಕೂತಳು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆಯೇ ನಾನಿಲ್ಲ ಎಂದು ಗೊತ್ತಾದದ್ದು. ಡ್ರೈವರು ಆಫೀಸಿಗೆ ಕೊಡಿ ಎಂದನಂತೆ. "ಆಫೀಸಿನವರಲ್ಲ, ಒಬ್ಬ ಮನುಷ್ಯ ಕೈಯಲ್ಲಿ ಕೊಟ್ಟದ್ದು" ಎಂದು ಹೇಳಿ ಅದೇ ಸೀಟಿನಲ್ಲಿ ವಾಪಸು ಬಂದಿದ್ದಳು.

ಹಡಗಿನಲ್ಲಿದ್ದ ಅಳಿಯನ ಹೆಸರಿನ ಸೀಟು ಖಾಲಿ ಇತ್ತು. ಅದರಲ್ಲಿ ಸುಜಾತ ಮುದುಕಿಯನ್ನು ಕೂರಿಸಿದಳು. ಹಾಗೆ ನನಗೂ ಸುಜಾತಳಿಗೂ ನಡುವೆ ಅವಳು ಬಂದಳು. ಅದು ನನಗೆ ಉಪಕಾರವೇ ಆಯಿತು.

ಕಪ್ಪು ಬಟ್ಟೆಯ ಅರುವತ್ತು ಜನ ಬಂದು ಕೂತರು. ಅವರಲ್ಲಿ ಮಕ್ಕಳ ಡಾಕ್ಟರ್ ಒಬ್ಬರು, ಅಂಚೆಯವರು ಒಬ್ಬರು, ಬೇಕರಿಯವರು ಒಬ್ಬರು ಇದ್ದಾರೆಂದು ಮೈತ್ರಿ ಹೇಳಿದ್ದಳು. ಒಬ್ಬ ಒಂದು ಕೊಳಲಿನಂಥದ್ದರಲ್ಲಿ ಒಂದು ಸ್ವರ ಹಿಡಿದ. ಉಳಿದವರೆಲ್ಲ ತಮ್ಮ ತಂತಿಗಳನ್ನು ಅದಕ್ಕೆ ಸೇರಿಸಿಕೊಂಡರು. ಯಕ್ಷಗಾನದಲ್ಲಿ ಚೆಂಡೆಮದ್ದಳೆ ಶ್ರುತಿ ಮಾಡುವಾಗ ನಮ್ಮಲ್ಲಿ ಜನ ಕಡಲೆ ತಿನ್ನುತ್ತಾ ಮಾತಾಡುತ್ತಿರುತ್ತಾರೆ. ಇಲ್ಲಿ ಆ ಹೊತ್ತಿಗೇ ಉಸಿರು ಬಿಗಿಹಿಡಿದ ಹಾಗೆ ಮೌನ. ನನ್ನ ಒದ್ದೆ ಷೂ ಕಿಚಕ್ ಎಂದರೆ ಎಲ್ಲರಿಗೂ ಕೇಳುತ್ತದೆ ಎಂದು ಕಾಲು ಅಲುಗಿಸಲಿಲ್ಲ.

ಮೈತ್ರಿ ಬಂದು ನಿಂತಳು. ಹಸಿರು ಲಂಗ, ಅಜ್ಜಿಯ ರೇಷ್ಮೆ ಸೀರೆ ಕತ್ತರಿಸಿ ಹೊಲಿಸಿದ್ದು. ಮೊದಲ ಸ್ವರಕ್ಕೆ ನಾನು ಕಣ್ಣು ಮುಚ್ಚಿದೆ. ತಂತಿ ಹರಿಯುತ್ತದೆ, ಕಡ್ಡಿ ಕೈ ಜಾರುತ್ತದೆ, ಪಿಟೀಲಿನ ಒಳಗಿನಿಂದ ಕೆಂಪು ನೀರು ಸುರಿಯುತ್ತದೆ ಎಂದೆಲ್ಲ ಅನ್ನಿಸಿತು. ಅವಳು ಒಬ್ಬಳೇ ಒಂದು ಮಾತು ಹೇಳುತ್ತಿದ್ದಳು, ಅರುವತ್ತು ಜನ ಸೇರಿ ಅದಕ್ಕೆ ಎದುರಾಡುತ್ತಿದ್ದರು. ಸಣ್ಣ ಹುಡುಗಿಯ ಮೇಲೆ ಊರೇ ಬಂದ ಹಾಗೆ. ಅವಳು ಹಿಂದೆ ಹೋಗಲಿಲ್ಲ. ಅವರು ಜೋರು ಮಾಡಿದಾಗ ಇವಳು ಇನ್ನೂ ಸಣ್ಣ ಮಾಡಿದಳು. ಕಡೆಗೆ ಅವರೇ ತಗ್ಗಿ ಇವಳ ಮಾತಿಗೆ ಕಿವಿಗೊಟ್ಟರು.

ಮಧ್ಯದಲ್ಲಿ ನಿಧಾನದ ಒಂದು ಭಾಗ ಬಂತು. ಮೈತ್ರಿ ಉದ್ದಕ್ಕೆ, ತೆಳ್ಳಗೆ ಎಳೆಯುತ್ತಿದ್ದಳು. ನಾನು ಸುಮ್ಮನೆ ಪಕ್ಕಕ್ಕೆ ನೋಡಿದೆ. ಸುಜಾತಳ ಎಡಗೈ ಮಡಿಲಿನ ಬ್ಯಾಗಿನ ಹಿಡಿಯ ಮೇಲಿತ್ತು. ನಾಲ್ಕು ಬೆರಳುಗಳು ಆ ಚರ್ಮದ ಪಟ್ಟಿಯನ್ನು ಒತ್ತುತ್ತಿದ್ದವು, ಬಿಡುತ್ತಿದ್ದವು, ಜಾರಿಸುತ್ತಿದ್ದವು, ಮಗಳ ಬೆರಳಿನ ಜೊತೆಜೊತೆಗೆ. ಅವಳ ಕಣ್ಣು ವೇದಿಕೆಯ ಮೇಲಿತ್ತು. ತನ್ನ ಕೈ ಏನು ಮಾಡುತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಆವರೆಗೆ ನಾನು ಒಂದು ಪಿಟೀಲನ್ನು ಹೊಳೆಗೆ ಹಾಕಿದೆ ಎಂದೇ ಲೆಕ್ಕ ಹಾಕಿಕೊಂಡಿದ್ದೆ. ಹೊಳೆಗೆ ಹಾಕಿದ್ದು ಆ ಬೆರಳುಗಳನ್ನು.

ಮುಗಿದಾಗ ಜನ ಎದ್ದು ನಿಂತರು. ಮುದುಕಿಯೂ ಏಳಲು ನೋಡಿದಳು, ಮಡಿಲಲ್ಲಿ ತರಕಾರಿ ಚೀಲ. ನನ್ನ ಕಡೆ ತಿರುಗಿ, ಒಂದು ಮಾತೂ ಆಡದೆ, ಚೀಲವನ್ನು ನನ್ನ ಮಡಿಲಿಗಿಟ್ಟು ಎದ್ದು ಚಪ್ಪಾಳೆ ತಟ್ಟಿದಳು. ಅರುವತ್ತು ಜನ ವಾದ್ಯದವರು, ಸಾವಿರ ಜನ ಊರಿನವರು ನಿಂತಿದ್ದಾಗ ಕೂತಿದ್ದವನು ನಾನೊಬ್ಬ. ಚೀಲವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದೆ.

ಸ್ಟಾಪಿಗೆ ನಡೆಯುವಾಗ ಸುಜಾತ ನನ್ನ ಜೊತೆಗೆ ಬಂದಳು. "ನೀವು ಬೇಕಂತ ಮಾಡಿದ್ದಲ್ಲ ಅಂತ ನಂಬಿದೆ" ಎಂದಳು. "ಇವತ್ತಿನದ್ದು. ಅವತ್ತಿನದ್ದಕ್ಕೆ ನಾನು ಎಂಥದೂ ಹೇಳುವುದಿಲ್ಲ. ಊರಿಗೆ ಹೋಗಿ ನನ್ನ ಹರಕೆ ನೀವೇ ತೀರಿಸಿ. ಎರಡು ಉಂಟು. ಯಾಕೆ ಎರಡು ಅಂತ ಅಲ್ಲಿದ್ದವರಿಗೆ ಹೇಳಿ."

ಕಟ್ಟೆ

ಊರಿಗೆ ಬಂದ ವಾರದಲ್ಲೇ ಒಂದು ಸಂಜೆ ಕೊರಗಜ್ಜನ ಕಟ್ಟೆಗೆ ಹೋದೆ. ಎರಡು ಕಟ್ಟು ಚಕ್ಕುಲಿ, ಎರಡು ಸೂಡಿ ವೀಳ್ಯದೆಲೆ. ನಮ್ಮಲ್ಲಿ ಹರಕೆ ತೀರಿಸುವವರನ್ನು ಏನು ಕಳೆದಿತ್ತು, ಹೇಗೆ ಸಿಕ್ಕಿತು ಎಂದು ಕೇಳುತ್ತಾರೆ. ಕೇಳಿ ಎಲ್ಲರೂ ಸಂತೋಷಪಡುತ್ತಾರೆ. ಕಟ್ಟೆ ನೋಡಿಕೊಳ್ಳುವ ಬಾಬಣ್ಣ ಕೇಳಿದ.

"ಎಂಥ ಕಳೆದದ್ದು ಶೀನಣ್ಣ, ಎರಡೆರಡು?"

"ಎರಡು ಪಿಟೀಲು."

"ಎರಡೂ ಸಿಕ್ಕಿತಾ?"

"ಒಂದು ಸಿಕ್ಕಿತು. ಇನ್ನೊಂದು ಅವತ್ತೇ ಸಿಕ್ಕಿತ್ತು" ಎಂದೆ. ಅಲ್ಲಿದ್ದವರು ತಿರುಗಿದರು. ವಿಮಾನ ನೆಲ ಬಿಟ್ಟಾಗಲೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಎಲ್ಲ ಹೇ‍ಳಿದೆ. ಬಾಬಣ್ಣ ಚಕ್ಕುಲಿ ಮುರಿದು ಹಂಚುವುದನ್ನು ನಿಲ್ಲಿಸಿದ್ದ. ಒಬ್ಬ ಮುದುಕ, ನಮ್ಮ ನೆರೆಮನೆಯವನೇ, "ಆ ಮಗುವಿಗೆ ಕಳ್ಳಿ ಅಂದವರಲ್ಲಿ ನಾನೂ ಒಬ್ಬ ಮಾರಾಯ" ಎಂದು ಹೇಳಿ ಎದ್ದು ಹೋದ. ಚಕ್ಕುಲಿ ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ಸುಜಾತ ಫೋನು ಮಾಡಿದಳು.

"ಹೇಳಿದಿರಾ?"

"ಹೇಳಿದೆ."

"ಎಷ್ಟು ಜನ ಇದ್ದರು?"

"ಹನ್ನೊಂದು."

ಆ ಕಡೆ ಮೈತ್ರಿ ಬಾರಿಸುವುದು ದೂರದಲ್ಲಿ ಕೇಳುತ್ತಿತ್ತು.

"ಸಾಕಾಗುವುದಿಲ್ಲ ಮಾವ" ಎಂದಳು ಸುಜಾತ. "ಮಾತಾಡಿದವರು ಅದಕ್ಕಿಂತ ತುಂಬ ಜನ ಇದ್ದರು."

ಹಾಗಾಗಿ ಇದನ್ನು ಬರೆದಿದ್ದೇನೆ. ಬಂಟ್ವಾಳದಲ್ಲಿ, ಸಿದ್ದಕಟ್ಟೆಯಲ್ಲಿ, ಮೂಡುಬಿದಿರೆಯಲ್ಲಿ ಆ ಕಾಲದ ಯಾರಾದರೂ ಉಳಿದಿದ್ದರೆ, ಲಾರೆನ್ಸ್ ಮಾಸ್ಟ್ರ ಕಡೆಯವರು ಯಾರಾದರೂ ಇದ್ದರೆ, ಅವರಿಗೆ ತಿಳಿದಿರಲಿ. ಸುಜಾತ ಆ ಪಿಟೀಲನ್ನು ಮಾರಲಿಲ್ಲ. ಅದು ನನ್ನ ಹತ್ತಿರ ಇತ್ತು.